ದವಡೆ ಬೆಳೆಯಿತು, ಹಲ್ಲು ಬೆಳೆಯಲಿಲ್ಲ: ‘ಐರಿಷ್ ದೈತ್ಯ’ ಚಾರ್ಲ್ಸ್ ಬರ್ನ್ ಪ್ರಕರಣ ಅಧ್ಯಯನ

1909ರಲ್ಲಿ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಮ್ಮಿನಲ್ಲಿ ತಲೆಬುರುಡೆಯೊಂದನ್ನು ತೆರೆದು ನೋಡಲಾಯಿತು. ಅದರ ಒಡೆಯ ಸತ್ತು ಆಗಲೇ 126 ವರ್ಷವಾಗಿತ್ತು. ತೆರೆಯಬೇಕೆಂದು ಕೇಳಿದವರು ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್. ಒಪ್ಪಿ ಜೊತೆಗೆ ನಿಂತವರು ಮ್ಯೂಸಿಯಮ್ಮಿನ ಹೊಣೆ ಹೊತ್ತಿದ್ದ ಆರ್ಥರ್ ಕೀತ್. ಅವರು ನೋಡಬೇಕಿದ್ದದ್ದು ಬುರುಡೆಯ ತಳದ ನಟ್ಟನಡುವೆ ಇರುವ ಒಂದು ಗುಳಿಯನ್ನು. ಪಿಟ್ಯುಟರಿ ಗ್ರಂಥಿ ಕೂರುವ ಆ ಜಾಗ ಮುಂದೆ ಹಿಂದೆ ಎದ್ದು ನಡುವೆ ತಗ್ಗಾಗಿ ಕುದುರೆಯ ಜೀನಿನಂತೆ ಕಾಣುತ್ತದೆ. ಅದಕ್ಕೇ ಸೆಲ್ಲಾ ಟರ್ಸಿಕಾ, ಅಂದರೆ ತುರ್ಕರ ಜೀನು, ಎಂದು ಹೆಸರು. ಮಾಮೂಲಾಗಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಹಿಡಿಸಿದರೆ ಸಾಕು. ಈ ಬುರುಡೆಯ ಗುಳಿ ಅದಕ್ಕಿಂತ ಬಹಳ ಅಗಲವಾಗಿ, ಆಳವಾಗಿ ಸವೆದಿತ್ತು. ಒಳಗಿದ್ದ ಗೆಡ್ಡೆ ಎಂದೋ ಮಣ್ಣಾಗಿದ್ದರೂ ಅದು ಒತ್ತಿದ ಅಚ್ಚು ಮೂಳೆಯಲ್ಲಿ ಉಳಿದಿತ್ತು.

ಬುರುಡೆ ಚಾರ್ಲ್ಸ್ ಬರ್ನ್‌ನದು. ಬೆಳವಣಿಗೆ ಹಾರ್ಮೋನು ತಲೆಬುರುಡೆ, ದವಡೆ, ಹಲ್ಲುಗಳ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಲಿಯಲು ಇಷ್ಟು ಕಾಲ ಜೊತೆಗೆ ಬಂದ ಪ್ರಕರಣ ಬೇರೊಂದು ಸಿಗುವುದು ಕಷ್ಟ. ಒಂದೇ ದೇಹ, ಒಂದೇ ರಕ್ತ, ಒಂದೇ ಹಾರ್ಮೋನಿನ ಪ್ರವಾಹ. ಆದರೂ ಮೂಳೆ ಒಂದು ರೀತಿ ನಡೆದುಕೊಂಡಿತು, ಹಲ್ಲು ಇನ್ನೊಂದು ರೀತಿ. ಕೊನೆಗೆ ಕಾಯಿಲೆಯ ಮೂಲ ಹೇಳಿದ್ದು ಹಲ್ಲು.

ರೋಗಿಯ ಹಿನ್ನೆಲೆ

ಬರ್ನ್ ಹುಟ್ಟಿದ್ದು 1761ರಲ್ಲಿ, ಐರ್ಲೆಂಡಿನ ಉತ್ತರಕ್ಕಿರುವ ಅಲ್‌ಸ್ಟರ್ ಪ್ರಾಂತ್ಯದ ನಡುಭಾಗದ ಹಳ್ಳಿಯೊಂದರಲ್ಲಿ. 1782ರಲ್ಲಿ ಲಂಡನ್ನಿಗೆ ಬಂದು ಚೇರಿಂಗ್ ಕ್ರಾಸ್ ಹತ್ತಿರದ ಸ್ಪ್ರಿಂಗ್ ಗಾರ್ಡನ್ಸ್‌ನಲ್ಲಿ ದುಡ್ಡಿಗೆ ತನ್ನನ್ನು ತೋರಿಸಿಕೊಳ್ಳತೊಡಗಿದ. ಜಾಹೀರಾತುಗಳಲ್ಲಿ ಎಂಟು ಅಡಿ ಮೀರಿದ ಎತ್ತರ. ಅಸ್ಥಿಪಂಜರ ಅಳೆದಾಗ ಸಿಕ್ಕಿದ್ದು ಸುಮಾರು 7 ಅಡಿ 7 ಅಂಗುಲ, ಅಂದರೆ 231 ಸೆಂಟಿಮೀಟರ್. ಪ್ರದರ್ಶನದವರ ಅಳತೆಪಟ್ಟಿ ಎಲ್ಲ ಕಾಲದಲ್ಲೂ ಸ್ವಲ್ಪ ಉದಾರವೇ. ಕೂಡಿಟ್ಟಿದ್ದ ಸುಮಾರು 700 ಪೌಂಡ್ ಕಳವಾಯಿತು, ಕುಡಿತ ಹೆಚ್ಚಿತು. 1783ರ ಜೂನ್ 1ರಂದು, 22ನೆಯ ವಯಸ್ಸಿನಲ್ಲಿ ತೀರಿಕೊಂಡ.

ಶಸ್ತ್ರವೈದ್ಯ ಜಾನ್ ಹಂಟರ್ ತನ್ನ ದೇಹದ ಮೇಲೆ ಕಣ್ಣಿಟ್ಟಿದ್ದಾನೆಂಬುದು ಬರ್ನ್‌ಗೆ ಗೊತ್ತಿತ್ತು. ತನ್ನನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ಇಳಿಸಿರೆಂದು ಗೆಳೆಯರನ್ನು ಬೇಡಿಕೊಂಡಿದ್ದ. ಹಂಟರ್ ಲಂಚ ಕೊಟ್ಟು ದೇಹ ತರಿಸಿಕೊಂಡ. ಕೊಟ್ಟ ಹಣ 500 ಪೌಂಡ್ ಎಂಬ ಮಾತು ಹೆಚ್ಚು ಪ್ರಚಲಿತ, ಬೇರೆ ಅಂಕಿಗಳನ್ನೂ ಹೇಳುತ್ತಾರೆ. ದೇಹವನ್ನು ತುಂಡರಿಸಿ, ದೊಡ್ಡ ಹಂಡೆಯಲ್ಲಿ ಕುದಿಸಿ, ಮೂಳೆ ಬಿಡಿಸಿಕೊಂಡು ಜೋಡಿಸಿದ. ಅಸ್ಥಿಪಂಜರ ಕಂದುಬಣ್ಣಕ್ಕೆ ತಿರುಗಲು ಆ ಅವಸರದ ಅಡುಗೆಯೇ ಕಾರಣವೆನ್ನುತ್ತಾರೆ. ಜಾಶುವಾ ರೆನಾಲ್ಡ್ಸ್ ಬರೆದ ಹಂಟರ್ ಭಾವಚಿತ್ರದ ಬಲ ಮೂಲೆಯಲ್ಲಿ ಮೇಲಿನಿಂದ ಇಳಿಬಿದ್ದಿರುವ ಉದ್ದನೆಯ ಕಾಲುಗಳು ಬರ್ನ್‌ನವು.

ಹಂಟರ್ ಬರೀ ಸಂಗ್ರಹದ ಹುಚ್ಚಿನವನಾಗಿದ್ದರೆ ಈ ಪ್ರಕರಣದಲ್ಲಿ ಅವನಿಗೆ ಇಷ್ಟು ಜಾಗ ಬೇಕಿರಲಿಲ್ಲ. ಅವನು 1771ರಲ್ಲೇ ಮನುಷ್ಯನ ಹಲ್ಲುಗಳ ಬಗ್ಗೆ ಪುಸ್ತಕ ಪ್ರಕಟಿಸಿದ್ದ. ದವಡೆ ಹೇಗೆ ಉದ್ದವಾಗುತ್ತದೆಂದು ತಿಳಿಯಲು ಪ್ರಾಣಿಗಳಿಗೆ ನಮ್ಮ ಮಂಜಿಷ್ಠದ ಜಾತಿಗೆ ಸೇರಿದ ಮ್ಯಾಡರ್ ಬೇರನ್ನು ತಿನ್ನಿಸಿ ನೋಡಿದ್ದ. ತಿನ್ನಿಸುವಷ್ಟು ದಿನ ಹೊಸದಾಗಿ ಕೂಡುವ ಮೂಳೆ ಕೆಂಪಾಗುತ್ತದೆ, ನಿಲ್ಲಿಸಿದ ಮೇಲೆ ಕೂಡುವುದು ಬೆಳ್ಳಗಿರುತ್ತದೆ. ಕೆಳದವಡೆಯ ಹಿಂಬದಿಯ ನಿಂತ ಭಾಗದಲ್ಲಿ ಹಿಂದಿನ ಅಂಚಿಗೆ ಮೂಳೆ ಕೂಡುತ್ತದೆ, ಮುಂದಿನ ಅಂಚು ಕರಗುತ್ತದೆ, ಹೀಗೆ ಹಿಂದಕ್ಕೆ ಸರಿಯುತ್ತ ದವಡೆ ಕೊನೆಯ ದವಡೆಹಲ್ಲುಗಳಿಗೆ ಜಾಗ ಮಾಡಿಕೊಡುತ್ತದೆ ಎಂಬ ತಿಳಿವು ಅವನದು. ಇಂದಿಗೂ ಅದನ್ನೇ ಪಾಠ ಮಾಡುತ್ತೇವೆ. ಅದನ್ನು ನಡೆಸುವ ಸಂಕೇತ ಯಾವುದೆಂದು ಅವನಿಗೆ ಗೊತ್ತಾಗುವ ಹಾಗಿರಲಿಲ್ಲ. ಬೆಳವಣಿಗೆ ಹಾರ್ಮೋನು ಅತಿಯಾಗಿ ವಯಸ್ಕರ ಮುಖ, ಕೈಕಾಲು ದಪ್ಪವಾಗುವ ಕಾಯಿಲೆಗೆ ಪ್ಯಾರಿಸ್ಸಿನ ಪಿಯರ್ ಮಾರಿ ಅಕ್ರೊಮೆಗಲಿ ಎಂದು ಹೆಸರಿಟ್ಟದ್ದು 1886ರಲ್ಲಿ, ಅರ್ನೆಸ್ಟ್ ಸ್ಟಾರ್ಲಿಂಗ್ ‘ಹಾರ್ಮೋನು’ ಎಂಬ ಪದ ಬಳಸಿದ್ದು 1905ರಲ್ಲಿ.

ಗ್ರಂಥಿಯಿಂದ ಮೂಳೆಯವರೆಗೆ

ಪಿಟ್ಯುಟರಿಯ ಮುಂಭಾಗದ ಕೋಶಗಳು 191 ಅಮೈನೋ ಆಮ್ಲಗಳ ಬೆಳವಣಿಗೆ ಹಾರ್ಮೋನನ್ನು ಬಿಡಿಬಿಡಿಯಾಗಿ, ದಿನಕ್ಕೆ ಹಲವು ಸಲ, ಮುಖ್ಯವಾಗಿ ಗಾಢನಿದ್ದೆಯಲ್ಲಿ ರಕ್ತಕ್ಕೆ ಬಿಡುತ್ತವೆ. ಅದು ಯಕೃತ್ತಿಗೆ ಹೋಗಿ ಐಜಿಎಫ್-1 ಎಂಬ ಇನ್ನೊಂದು ಸಂಕೇತವನ್ನು ಹೊರಡಿಸುತ್ತದೆ. ಮೂಳೆ, ಮೃದ್ವಸ್ಥಿಗಳಲ್ಲೂ ಸ್ಥಳೀಯವಾಗಿ ಐಜಿಎಫ್-1 ತಯಾರಾಗುತ್ತದೆ. ಐಜಿಎಫ್-1 ಹೆಚ್ಚಾದರೆ ಮಿದುಳು ಮತ್ತು ಪಿಟ್ಯುಟರಿ ಅದನ್ನು ಗ್ರಹಿಸಿ ಹಾರ್ಮೋನನ್ನು ಕಡಿಮೆ ಮಾಡಬೇಕು. ಗೆಡ್ಡೆಯಾದ ಕೋಶಗಳು ಈ ಮಾತು ಕೇಳುವುದಿಲ್ಲ, ಬರ್ನ್‌ನಲ್ಲಿ ಆದದ್ದು ಅದೇ.

ಕಾಲಿನ ಉದ್ದ ಮೂಳೆಗಳಲ್ಲಿ ತುದಿಗೂ ನಡುಭಾಗಕ್ಕೂ ಮಧ್ಯೆ ಮೃದ್ವಸ್ಥಿಯ ಬೆಳವಣಿಗೆ ಫಲಕವಿದೆ. ಅದು ತೆರೆದಿರುವಷ್ಟು ಕಾಲ ಮೂಳೆ ಉದ್ದವಾಗುತ್ತದೆ, ಹರೆಯದ ಕೊನೆಗೆ ಮುಚ್ಚುತ್ತದೆ. ಮುಚ್ಚಿಸುವುದು ಬೆಳವಣಿಗೆ ಹಾರ್ಮೋನಲ್ಲ, ಈಸ್ಟ್ರೋಜನ್. ಗಂಡಸರಲ್ಲೂ ಅಷ್ಟೇ: ಟೆಸ್ಟೋಸ್ಟಿರೋನಿನ ಒಂದು ಪಾಲು ಈಸ್ಟ್ರೋಜನ್ ಆಗಿ ಮಾರ್ಪಟ್ಟು ಈ ಕೆಲಸ ಮಾಡುತ್ತದೆ. ಬರ್ನ್‌ನ ಅಸ್ಥಿಪಂಜರದ ಎಕ್ಸ್‌ರೇ ನೋಡಿದವರು ಮೂಳೆಯ ವಯಸ್ಸು 17ರ ಆಸುಪಾಸು ಎಂದು ಲೆಕ್ಕ ಹಾಕಿದ್ದಾರೆ, ಸತ್ತಾಗ ಅವನಿಗೆ 22. ಬದುಕಿದ್ದರೆ ಇನ್ನೂ ಬೆಳೆಯುತ್ತಿದ್ದ. ಇದಕ್ಕೆ ಸಹಜ ವಿವರಣೆ: ಗೆಡ್ಡೆ ದೊಡ್ಡದಾಗುತ್ತ ಪಕ್ಕದಲ್ಲಿರುವ, ಲೈಂಗಿಕ ಗ್ರಂಥಿಗಳನ್ನು ಎಬ್ಬಿಸುವ ಕೋಶಗಳನ್ನು ಹಿಂಡಿಹಾಕುತ್ತದೆ. ಒಂದು ಹಾರ್ಮೋನು ವಿಪರೀತ, ಇನ್ನೊಂದು ಕೊರತೆ. ದೈತ್ಯರು ಇಷ್ಟು ಎತ್ತರವಾಗುವುದು ಅನೇಕ ಸಲ ಎರಡೂ ಕೂಡಿದಾಗ.

ತಲೆಗೆ ಬಂದರೆ ಲೆಕ್ಕ ಬದಲಾಗುತ್ತದೆ. ಮಿದುಳಿನ ಮೇಲಿನ ಬುರುಡೆಯ ಗುಮ್ಮಟ, ಮೂಳೆಗಳು ಒಂದಕ್ಕೊಂದು ಕೂಡುವ ಹೊಲಿಗೆಗಳ ಅಂಚಿನಲ್ಲಿ ಬೆಳೆಯುತ್ತದೆ. ಒಳಗಿನ ಮಿದುಳು ತಳ್ಳಿದಷ್ಟು ಹಿಗ್ಗುತ್ತದೆ. ಏಳೆಂಟು ವರ್ಷದ ಹೊತ್ತಿಗೆ ಮಿದುಳು ಬಹುಪಾಲು ದೊಡ್ಡವರ ಗಾತ್ರ ಮುಟ್ಟಿರುತ್ತದೆ. ಆಮೇಲೆ ಎಷ್ಟೇ ಬೆಳವಣಿಗೆ ಹಾರ್ಮೋನು ಬಂದರೂ ಗುಮ್ಮಟದ ಒಳಗಿನ ಜಾಗ ಅಷ್ಟಾಗಿ ಹೆಚ್ಚುವುದಿಲ್ಲ, ಗೋಡೆ ದಪ್ಪವಾಗುತ್ತದೆ. ಹಣೆಯ ಹಿಂದಿನ ಗಾಳಿಗೂಡು ಹಿಗ್ಗಿ ಹುಬ್ಬಿನ ದಿಂಡು ಮುಂದೆ ಚಾಚುತ್ತದೆ, ಹಿಂದಲೆಯ ಉಬ್ಬು ದೊಡ್ಡದಾಗುತ್ತದೆ. ಮುಖಕ್ಕೆ ಈ ಮಿತಿಯಿಲ್ಲ. ಹಾಗಾಗಿ ದೈತ್ಯರ ಚಿತ್ರಗಳಲ್ಲಿ ತಲೆ ದೇಹಕ್ಕೆ ಹೋಲಿಸಿದರೆ ಚಿಕ್ಕದು, ಮುಖ ಮಾತ್ರ ಉದ್ದ, ಗಲ್ಲ (ಗದ್ದ) ಭಾರ.

ಕೆಳದವಡೆ ಏಕೆ ಬೇರೆ

ಕೆಳದವಡೆ ಕಿವಿಯ ಮುಂದೆ ಬುರುಡೆಗೆ ಕೂಡುವ ಗಿಣ್ಣಿನ ತುದಿಯಲ್ಲಿ ಮೃದ್ವಸ್ಥಿ ಇದೆ. ಅದು ಕಾಲಿನ ಬೆಳವಣಿಗೆ ಫಲಕದಂಥದ್ದಲ್ಲ. ಫಲಕ ಎರಡು ಮೂಳೆತುಂಡುಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಎರಡೂ ಬೆಸೆದರೆ ಕತೆ ಮುಗಿಯಿತು. ಗಿಣ್ಣಿನ ಮೃದ್ವಸ್ಥಿಯ ಮೇಲೆ ಬೆಸೆಯಲು ಇನ್ನೊಂದು ಮೂಳೆಯೇ ಇಲ್ಲ, ನಾರಿನ ಹೊದಿಕೆ ಇದೆ. ಹೊದಿಕೆಯ ಕೆಳಗೆ ವಿಭಜಿಸಬಲ್ಲ ಕೋಶಗಳ ತೆಳುಪದರ ವಯಸ್ಕರಲ್ಲೂ ಉಳಿದಿರುತ್ತದೆ. ಮಾಮೂಲು ಹಾರ್ಮೋನು ಮಟ್ಟದಲ್ಲಿ ಅದು ತಣ್ಣಗಿರುತ್ತದೆ. ಬೆಳವಣಿಗೆ ಹಾರ್ಮೋನು ಏರಿದರೆ ಮತ್ತೆ ಕೆಲಸಕ್ಕೆ ಇಳಿಯುತ್ತದೆ. 45 ವರ್ಷದವರ ಕೈಕಾಲು ಉದ್ದವಾಗದೆ ಕೆಳದವಡೆ ಮಾತ್ರ ಮುಂದೆ ಬರುವುದಕ್ಕೆ ಇದೇ ಕಾರಣ.

ಬೆಳೆಯುವ ದಿಕ್ಕನ್ನೂ ಗಮನಿಸಬೇಕು. ಗಿಣ್ಣು ಮೇಲಕ್ಕೆ, ಹಿಂದಕ್ಕೆ ಬೆಳೆಯುತ್ತದೆ. ಅಲ್ಲಿ ಬುರುಡೆಯ ತಳ ಅಡ್ಡವಿದೆ. ಆದ್ದರಿಂದ ತಳ್ಳಿಸಿಕೊಳ್ಳುವುದು ಗಲ್ಲ, ಅದು ಕೆಳಕ್ಕೆ ಮತ್ತು ಮುಂದಕ್ಕೆ ಬರುತ್ತದೆ. ಜೊತೆಗೆ ಮೂಳೆಯ ಹೊರಪೊರೆ ಪದರ ಪದರವಾಗಿ ಮೂಳೆ ಹಚ್ಚುತ್ತ ಗಲ್ಲದ ತುದಿಯನ್ನು ದಪ್ಪ ಮಾಡುತ್ತದೆ. ದವಡೆಯ ಹಿಂಬದಿಯ ಕೋನ, ವಯಸ್ಕರಲ್ಲಿ ಸಾಮಾನ್ಯವಾಗಿ 120–130 ಡಿಗ್ರಿ, ಇನ್ನೂ ಬಿಚ್ಚಿಕೊಳ್ಳುತ್ತದೆ. ಮೇಲ್ದವಡೆಗೆ ಇಂಥ ಗಿಣ್ಣಿಲ್ಲ. ಅದು ಬುರುಡೆಯ ತಳಕ್ಕೆ ಹೊಲಿಗೆಗಳಿಂದ ಕಟ್ಟಿಕೊಂಡಿದೆ. ಹಾಗಾಗಿ ಕೆಳಗಿನ ಹಲ್ಲುಸಾಲು ಮೇಲಿನದನ್ನು ದಾಟಿ ಮುಂದೆ ಬರುತ್ತದೆ.

ಕಾಯಿಲೆ ಶುರುವಾದ ವಯಸ್ಸಿನ ಪ್ರಕಾರ ಚಿತ್ರ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಬುರುಡೆಯ ತಳದಲ್ಲಿ ಸೆಲ್ಲಾದ ಹಿಂದೆಯೇ ಒಂದು ಮೃದ್ವಸ್ಥಿ ಕೂಡಿಕೆ ಇದೆ, ಹರೆಯದ ನಡುವಿನಲ್ಲಿ ಅದು ಬೆಸೆಯುತ್ತದೆ. ಅದಕ್ಕೆ ಮೊದಲೇ ಹಾರ್ಮೋನು ಏರಿದರೆ ಬುರುಡೆಯ ತಳವೂ ಉದ್ದವಾಗುತ್ತದೆ, ಮೇಲ್ದವಡೆ ತಕ್ಕಮಟ್ಟಿಗೆ ಜೊತೆಗೆ ಬರುತ್ತದೆ, ಎರಡು ದವಡೆಗಳ ವ್ಯತ್ಯಾಸ ಅಷ್ಟು ಎದ್ದು ಕಾಣದೆ ಹೋಗಬಹುದು. ಬೆಸೆದ ಮೇಲೆ ಏರಿದರೆ ಕೆಳದವಡೆಯೊಂದೇ ಓಡುತ್ತದೆ. ಎಳೆಯ ರೋಗಿಯ ಕಚ್ಚು ನೇರವಾಗಿದೆಯೆಂದು ಅನುಮಾನ ಬಿಟ್ಟುಬಿಡುವುದು ತಪ್ಪಾಗುವುದು ಇದರಿಂದಲೇ.

ಹಲ್ಲಿನ ಲೆಕ್ಕ

ಹಲ್ಲಿನ ಕಿರೀಟವನ್ನು ಕಟ್ಟುವ ಎನಾಮಲ್ ಕೋಶಗಳು ಕೆಲಸ ಮುಗಿದ ಮೇಲೆ ಕುಗ್ಗುತ್ತವೆ, ಹಲ್ಲು ಬಾಯಿಗೆ ಬರುವಾಗ ಕಳಚಿಹೋಗುತ್ತವೆ. ಎನಾಮಲ್ಲಿನ ಮೇಲೆ ಇನ್ನೊಂದು ಪದರ ಹಚ್ಚುವವರು ಆಮೇಲೆ ಯಾರೂ ಉಳಿದಿರುವುದಿಲ್ಲ. ಎನಾಮಲ್ಲಿನ ಕೆಳಗಿನ ಪದರವಾದ ಡೆಂಟಿನ್ ಜೀವನವಿಡೀ ಕೂಡುತ್ತದೆ, ಆದರೆ ಒಳಮುಖವಾಗಿ, ಹಲ್ಲಿನ ಹೊರ ಅಳತೆಗೆ ಅದರಿಂದ ಒಂದು ಎಳೆಯೂ ಸೇರುವುದಿಲ್ಲ. ಮೊದಲ ಶಾಶ್ವತ ದವಡೆಹಲ್ಲಿನ ಕಿರೀಟ ಹುಟ್ಟುವ ಹೊತ್ತಿಗೆ ಗಟ್ಟಿಯಾಗಲು ಆರಂಭಿಸಿ ಎರಡೂವರೆ–ಮೂರು ವರ್ಷಕ್ಕೆ ಮುಗಿಯುತ್ತದೆ. ಎರಡನೆಯದು ಏಳು–ಎಂಟು ವರ್ಷಕ್ಕೆ. ಬುದ್ಧಿಹಲ್ಲಿನದು ಹನ್ನೆರಡರಿಂದ ಹದಿನಾರರ ಒಳಗೆ. ಈ ಗಡುವು ದಾಟಿದ ಮೇಲೆ ಏರಿದ ಹಾರ್ಮೋನು ಕಿರೀಟದ ಅಳತೆಯನ್ನು ಮುಟ್ಟಲಾರದು.

ಪರಿಣಾಮ ಲೆಕ್ಕದಲ್ಲೇ ಇದೆ. ಕೆಳಸಾಲಿನಲ್ಲಿ 14 ಹಲ್ಲುಗಳಿದ್ದರೆ ಅವುಗಳ ನಡುವೆ 13 ಸಂದು. ಸಾಲು ಆರೂವರೆ ಮಿಲಿಮೀಟರ್ ಉದ್ದವಾಯಿತು ಎನ್ನಿ, ಸಮನಾಗಿ ಹಂಚಿದರೆ ಸಂದಿಗೆ ಅರ್ಧ ಮಿಲಿಮೀಟರ್. ಬಾಯಲ್ಲಿ ಅದು ಸಮನಾಗಿ ಹಂಚಿಹೋಗುವುದಿಲ್ಲ. ನಾಲಿಗೆಯೂ ಹಾರ್ಮೋನಿನಿಂದ ದಪ್ಪವಾಗಿ ಮುಂದಿನ ಹಲ್ಲುಗಳನ್ನು ಒಳಗಿನಿಂದ ತಳ್ಳುತ್ತಿರುತ್ತದೆ, ಹಾಗಾಗಿ ಮುಂದಿನ ಹಲ್ಲುಗಳ ನಡುವೆ ಮೊದಲು ಬೆಳಕು ಕಾಣುತ್ತದೆ. ‘ಮೊದಲು ಸಿಕ್ಕಿಕೊಳ್ಳದ ಅನ್ನ ಈಗ ಸಿಕ್ಕಿಕೊಳ್ಳುತ್ತದೆ’ ಎಂಬ ದೂರಿನ ಹಿಂದೆ ವಸಡಿನ ಕಾಯಿಲೆಯೇ ಇರುವುದು ಹೆಚ್ಚು. ಹಲ್ಲು ಅಲ್ಲಾಡದೆ, ವಸಡು ಇಳಿಯದೆ ಸಂದು ಮಾತ್ರ ಬಿಟ್ಟುಕೊಳ್ಳುತ್ತಿದ್ದರೆ ಹಾರ್ಮೋನಿನ ಕಡೆ ನೋಡಬೇಕು.

ಬೇರಿನ ಮೇಲಿನ ಸಿಮೆಂಟಮ್ ಮಾತ್ರ ಈ ನಿಯಮಕ್ಕೆ ಹೊರತು. ಅದು ವಯಸ್ಕರಲ್ಲೂ ಕೂಡುತ್ತಲೇ ಇರುತ್ತದೆ, ಅಕ್ರೊಮೆಗಲಿಯಲ್ಲಿ ಅತಿಯಾಗಿ ಕೂಡಿ ಬೇರಿನ ತುದಿಯನ್ನು ಗದೆಯಂತೆ ಮಾಡಬಹುದು. ಹಲ್ಲು ಕೀಳುವವರಿಗೆ ಇದು ನೇರ ತೊಂದರೆ. ಎಕ್ಸ್‌ರೇ ನೋಡದೆ ಇಕ್ಕಳ ಹಾಕಿದರೆ ತುದಿ ಒಳಗೇ ಮುರಿದು ಉಳಿಯುತ್ತದೆ. ಬೇರುಗಳನ್ನು ಬೇರ್ಪಡಿಸಿ, ಸುತ್ತಲ ಮೂಳೆಯನ್ನು ಸ್ವಲ್ಪ ತೆಗೆದು ಒಂದೊಂದಾಗಿ ಹೊರತರಬೇಕು.

ಮೂಳೆಗಿಂತ ಹಲ್ಲು ಹಾರ್ಮೋನಿಗೆ ಕಡಿಮೆ ಬಗ್ಗುತ್ತದೆ ಎಂಬುದು ಕೊರತೆಯ ಕಡೆಯಿಂದಲೂ ಕಾಣುತ್ತದೆ. ಬೆಳವಣಿಗೆ ಹಾರ್ಮೋನು ಕೊರತೆಯ ಮಕ್ಕಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ಹೇಳುವ ಮೂಳೆಯ ವಯಸ್ಸು ಬಹಳ ಹಿಂದೆ ಬಿದ್ದಿರುತ್ತದೆ, ಹಲ್ಲಿನ ವಯಸ್ಸು ಅಷ್ಟು ಹಿಂದೆ ಬೀಳುವುದಿಲ್ಲ. ಬಾಲ್ಯದ ಥೈರಾಯ್ಡ್ ಕೊರತೆ ಇನ್ನೊಂದು ಬಗೆ, ಅದು ಹಲ್ಲು ಹುಟ್ಟುವುದನ್ನೇ ಎದ್ದು ಕಾಣುವಷ್ಟು ತಡಮಾಡುತ್ತದೆ.

ಹಲ್ಲಿನಿಂದ ಸಿಕ್ಕ ಉತ್ತರ

ಕುಶಿಂಗ್ ಮತ್ತು ಕೀತ್ ನೋಡಿದ ಗುಳಿ ‘ಪಿಟ್ಯುಟರಿ ಗೆಡ್ಡೆ’ ಎಂದಷ್ಟೇ ಹೇಳಿತು. ಗೆಡ್ಡೆ ಯಾಕೆ ಬಂತು ಎಂಬುದಕ್ಕೆ ಇನ್ನೂ ನೂರು ವರ್ಷ ಬೇಕಾಯಿತು. 2006ರಲ್ಲಿ ಫಿನ್‌ಲ್ಯಾಂಡಿನ ಸಂಶೋಧಕರು ಕೆಲವು ಕುಟುಂಬಗಳಲ್ಲಿ ಪಿಟ್ಯುಟರಿ ಗೆಡ್ಡೆ ಮರುಕಳಿಸಲು 11ನೆಯ ವರ್ಣತಂತುವಿನ ಎಐಪಿ ಎಂಬ ಜೀನಿನ (ವಂಶವಾಹಿಯ) ದೋಷ ಕಾರಣವೆಂದು ತೋರಿಸಿದರು. ಬಳಿಕ ಲಂಡನ್ನಿನ ಮಾರ್ಟಾ ಕೊರ್ಬೊನಿಟ್ಸ್ ಮತ್ತು ಸಂಗಡಿಗರು ಬರ್ನ್‌ನ ಹಲ್ಲಿನಿಂದ ಡಿಎನ್‌ಎ ತೆಗೆದು ಓದಿದರು, ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹಂಡೆಯಲ್ಲಿ ಕುದ್ದ ದೇಹದಲ್ಲಿ ಓದಬಲ್ಲ ಡಿಎನ್‌ಎ ಉಳಿದಿದ್ದೇ ದೊಡ್ಡದು. ಎನಾಮಲ್ಲಿನ ಕವಚದೊಳಗೆ, ದವಡೆಮೂಳೆಯ ಗೂಡಿನಲ್ಲಿ ಕೂತ ಡೆಂಟಿನ್ನಿಗೆ ನೀರು, ಬಿಸಿ, ಬ್ಯಾಕ್ಟೀರಿಯಾ ತಲುಪುವುದು ಕಷ್ಟ. ಹಳೆಯ ದೇಹಗಳ ಡಿಎನ್‌ಎ ಬೇಕಾದವರು ಹಲ್ಲಿಗೆ ಕೈ ಹಾಕುವುದು ಅದಕ್ಕೇ.

ಸಿಕ್ಕ ದೋಷ ಒಂದೇ ಅಕ್ಷರದ್ದು. ಎಐಪಿ ಜೀನಿನ ಸಂಕೇತ ಸಾಲಿನ 910ನೆಯ ಸ್ಥಾನದಲ್ಲಿ ‘ಸಿ’ ಇರಬೇಕಾದಲ್ಲಿ ‘ಟಿ’. ಹಾಗಾದಾಗ 304ನೆಯ ಅಮೈನೋ ಆಮ್ಲ ಅರ್ಜಿನೀನ್ ಬರಬೇಕಾದ ಜಾಗದಲ್ಲಿ ‘ನಿಲ್ಲು’ ಎಂಬ ಸೂಚನೆ ಬರುತ್ತದೆ. 330 ಅಮೈನೋ ಆಮ್ಲಗಳ ಪ್ರೋಟೀನಿನ ಕೊನೆಯ 27 ಬೀಳುತ್ತವೆ. ಬೇರೆ ಪ್ರೋಟೀನುಗಳನ್ನು ಹಿಡಿದುಕೊಳ್ಳುವ ಬಾಲ ಅದೇ ತುದಿಯಲ್ಲಿದೆ. ಇಂಥ ಓದಿಗೆ ಒಂದು ಬಲೆಯಿದೆ: ಡಿಎನ್‌ಎ ಹಳತಾದಂತೆ ‘ಸಿ’ ಕೆಟ್ಟು ‘ಟಿ’ಯಂತೆ ಓದಿಸಿಕೊಳ್ಳುವುದು ಬಹಳ ಸಾಮಾನ್ಯ. ಹುಡುಕುತ್ತಿದ್ದ ದೋಷವೂ ಅದೇ ಬಗೆಯದು. ಒಂದು ಸಲ ಓದಿ ‘ಸಿಕ್ಕಿತು’ ಎನ್ನುವ ಹಾಗಿಲ್ಲ, ಬೇರೆ ಬೇರೆ ಮಾದರಿಗಳಲ್ಲಿ, ಬೇರೆ ಬೇರೆ ಸಲ ಅದೇ ಸ್ಥಾನದಲ್ಲಿ ಅದೇ ಅಕ್ಷರ ಬರಬೇಕು.

ಬಲವಾದ ಪುರಾವೆ ಬಂದದ್ದು ಬದುಕಿರುವವರಿಂದ. ಉತ್ತರ ಐರ್ಲೆಂಡಿನ ನಾಲ್ಕು ಕುಟುಂಬಗಳಲ್ಲಿ ಅದೇ ದೋಷವಿತ್ತು. ದೋಷದ ಅಕ್ಕಪಕ್ಕದ ಡಿಎನ್‌ಎ ತುಂಡೂ ಬರ್ನ್‌ನದಕ್ಕೆ ಹೊಂದಿತು. ಎಲ್ಲರಿಗೂ ಒಬ್ಬ ಪೂರ್ವಜ, ಸುಮಾರು 57ರಿಂದ 66 ತಲೆಮಾರು ಹಿಂದೆ, ಎಂದು ಆ ಅಧ್ಯಯನ ಲೆಕ್ಕ ಹಾಕಿತು. ಆಮೇಲಿನ ಹೆಚ್ಚು ದೊಡ್ಡ ಅಧ್ಯಯನವೊಂದು ಆ ಪೂರ್ವಜನನ್ನು ಇನ್ನೂ ಹಿಂದಕ್ಕೆ ಒಯ್ದಿತು.

ದೋಷವಿದ್ದವರೆಲ್ಲ ದೈತ್ಯರಾಗುವುದಿಲ್ಲ, ಗೆಡ್ಡೆ ಬರುವುದು ಅವರಲ್ಲಿ ಸ್ವಲ್ಪ ಮಂದಿಗೆ. ಎಐಪಿ ಗೆಡ್ಡೆಯನ್ನು ತಡೆಯುವ ಜೀನು, ತಂದೆಯಿಂದ ಒಂದು ತಾಯಿಯಿಂದ ಒಂದು ಪ್ರತಿ ಇರುತ್ತದೆ. ಕೆಟ್ಟ ಪ್ರತಿಯೊಂದು ಹುಟ್ಟಿನಿಂದಲೇ ಬಂದರೂ ಪಿಟ್ಯುಟರಿಯ ಯಾವುದೋ ಒಂದು ಕೋಶದಲ್ಲಿ ಒಳ್ಳೆಯ ಪ್ರತಿಯೂ ಕಳೆದುಹೋದಾಗ ಗೆಡ್ಡೆಗೆ ದಾರಿಯಾಗುತ್ತದೆ. ಆಗ ಕೋಶದೊಳಗಿನ ಸೈಕ್ಲಿಕ್ ಎಎಂಪಿ ಸಂಕೇತಕ್ಕೆ ಲಗಾಮು ಸಡಿಲವಾಗಿ ಹಾರ್ಮೋನು ಸುರಿಯುತ್ತದೆ.

ಇದೇ ರೋಗಿ ಇಂದು ಬಂದರೆ

ಅಕ್ರೊಮೆಗಲಿ ಗುರುತಿಸುವಷ್ಟರಲ್ಲಿ ಸಾಮಾನ್ಯವಾಗಿ ಹಲವು ವರ್ಷ ಕಳೆದಿರುತ್ತವೆ. ದಿನವೂ ನೋಡುವ ಮನೆಯವರಿಗೆ ಮುಖದ ಬದಲಾವಣೆ ಕಾಣುವುದಿಲ್ಲ. ಹಲ್ಲಿನ ವೈದ್ಯರಿಗೆ ಕಾಣಬೇಕು. ಕೇಳಬೇಕಾದ್ದು ಸರಳ: ಉಂಗುರ ಬಿಗಿಯಾಗಿದೆಯೇ, ಚಪ್ಪಲಿಯ ನಂಬರು ಏರಿದೆಯೇ, ಕೆಳಗಿನ ಹಲ್ಲುಸೆಟ್ಟು ಕೂರುತ್ತಿಲ್ಲವೇ, ಗೊರಕೆ, ಬೆವರು, ತಲೆನೋವು, ಅಂಚಿನ ದೃಷ್ಟಿ ಹೇಗಿದೆ. ಐದು, ಹತ್ತು ವರ್ಷದ ಹಿಂದಿನ ಫೋಟೋ ತರಲು ಹೇಳಿ. ಮದುವೆ ಆಲ್ಬಮ್ಮಿಗಿಂತ ಒಳ್ಳೆಯ ದಾಖಲೆ ಇಲ್ಲ.

ಹಲ್ಲು ನೇರ ಮಾಡುವವರು ತೆಗೆಸುವ ತಲೆಯ ಪಕ್ಕದ ಎಕ್ಸ್‌ರೇಯಲ್ಲಿ ಸೆಲ್ಲಾ ಹೇಗೂ ಬಿದ್ದಿರುತ್ತದೆ. ಅದರ ಮಧ್ಯಬಿಂದುವನ್ನು ಗುರುತು ಹಾಕಿ ಮೂಗಿನ ಬುಡದ ಬಿಂದುವಿಗೆ ಗೆರೆ ಎಳೆಯುವುದು ದಿನನಿತ್ಯದ ಕೆಲಸ. ಗುಳಿಯ ಮಧ್ಯಕ್ಕೆ ಚುಕ್ಕೆ ಇಡುವಾಗ ಗುಳಿಯನ್ನೇ ನೋಡದೆ ಹೋಗುವುದು ವಿಚಿತ್ರ, ಆದರೆ ಆಗುತ್ತದೆ. ಉದ್ದ 16 ಮಿಲಿಮೀಟರ್, ಆಳ 12 ಮಿಲಿಮೀಟರ್ ಮೀರಿದ್ದರೆ, ನೆಲ ಎರಡು ಗೆರೆಯಾಗಿ ಕಂಡರೆ, ಹಿಂದಿನ ಗೋಡೆ ಸವೆದಿದ್ದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು.

ಇದೇ ಕೋನಗಳನ್ನು ನಂಬಿದರೆ ಇನ್ನೊಂದು ಮೋಸವೂ ಇದೆ. ಸೆಲ್ಲಾದ ಮಧ್ಯ, ಮೂಗಿನ ಬುಡ, ಕೆಳದವಡೆಯ ಮುಂಭಾಗ ಈ ಮೂರು ಬಿಂದುಗಳಿಂದ ಕೆಳದವಡೆ ಎಷ್ಟು ಮುಂದಿದೆ ಎಂದು ಹೇಳುವ ಎಸ್‌ಎನ್‌ಬಿ ಕೋನದ ಸಾಮಾನ್ಯ ಮೌಲ್ಯ 80 ಡಿಗ್ರಿ. ಈ ಕಾಯಿಲೆಯಲ್ಲಿ ಹಣೆಯ ಗಾಳಿಗೂಡು ಹಿಗ್ಗಿ ಮೂಗಿನ ಬುಡದ ಬಿಂದುವೂ ಮುಂದೆ ಬಂದಿರುತ್ತದೆ, ಸೆಲ್ಲಾದ ಮಧ್ಯವೂ ಸರಿದಿರುತ್ತದೆ. ಅಳೆಯುವ ಗೆರೆಯ ಎರಡೂ ತುದಿ ಕಾಯಿಲೆಯಿಂದಲೇ ಅಲುಗಿದ ಮೇಲೆ ಕೋನ ದವಡೆಯ ಓಟವನ್ನು ಕಡಿಮೆ ಮಾಡಿ ತೋರಿಸಬಹುದು. ಆದ್ದರಿಂದ ಗಿಣ್ಣಿನಿಂದ ಗಲ್ಲದವರೆಗಿನ ದವಡೆಯ ಉದ್ದವನ್ನೇ ನೇರವಾಗಿ ಅಳೆಯಿರಿ. ಒಂದೇ ಯಂತ್ರದಲ್ಲಿ, ಒಂದೇ ದೂರದಲ್ಲಿ ತೆಗೆದ ಹಳೆಯ ಮತ್ತು ಹೊಸ ಎಕ್ಸ್‌ರೇಗಳನ್ನು ಹೋಲಿಸಿ. ವಯಸ್ಕರ ದವಡೆಯ ಉದ್ದ ವರ್ಷಕ್ಕೂ ವರ್ಷಕ್ಕೂ ಎದ್ದುಕಾಣುವಷ್ಟು ಬದಲಾಗಬಾರದು.

ರಕ್ತದಲ್ಲಿ ಮೊದಲು ನೋಡುವುದು ಐಜಿಎಫ್-1, ವಯಸ್ಸಿಗೆ ತಕ್ಕ ಮಿತಿಯೊಂದಿಗೆ ಹೋಲಿಸಿ. ಬೆಳವಣಿಗೆ ಹಾರ್ಮೋನನ್ನು ಯಾವುದೋ ಒಂದು ಹೊತ್ತಿನಲ್ಲಿ ಅಳೆದರೆ ಪ್ರಯೋಜನವಿಲ್ಲ. ಅದು ಬಿಡಿಬಿಡಿಯಾಗಿ ಬರುವುದರಿಂದ ಆರೋಗ್ಯವಂತರಲ್ಲೂ ಆ ಗಳಿಗೆಗೆ ಮೇಲೆ ಇರಬಹುದು. ಐಜಿಎಫ್-1 ಕೂಡ ಕೆಲವೊಮ್ಮೆ ಸುಳ್ಳು ಹೇಳುತ್ತದೆ: ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಯಕೃತ್ತಿನ ತೊಂದರೆ, ಅಪೌಷ್ಟಿಕತೆ, ಈಸ್ಟ್ರೋಜನ್ ಮಾತ್ರೆ ಅದನ್ನು ತಗ್ಗಿಸುತ್ತವೆ. ಅನುಮಾನ ಉಳಿದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಅರ್ಧ ಗಂಟೆಗೊಮ್ಮೆ ಎರಡು ಗಂಟೆಯವರೆಗೆ ಬೆಳವಣಿಗೆ ಹಾರ್ಮೋನು ಅಳೆಯುತ್ತಾರೆ. ಸಕ್ಕರೆ ಏರಿದಾಗ ಅದು ಲೀಟರಿಗೆ 1 ಮೈಕ್ರೊಗ್ರಾಂಗಿಂತ ಕೆಳಗಿಳಿಯಬೇಕು, ಸೂಕ್ಷ್ಮ ವಿಧಾನಗಳಲ್ಲಿ 0.4ಕ್ಕಿಂತ. ಗೆಡ್ಡೆಯಿದ್ದರೆ ಇಳಿಯುವುದಿಲ್ಲ. ಹರೆಯದಲ್ಲಿ ಬಿರುಸಾಗಿ ಬೆಳೆಯುತ್ತಿರುವ ಉದ್ದನೆಯ ಹುಡುಗರಲ್ಲಿ ಗೆಡ್ಡೆಯಿಲ್ಲದೆಯೂ ಇಳಿಯದೆ ಇರಬಹುದು, ಒಂದೇ ಪರೀಕ್ಷೆಯ ಮೇಲೆ ತೀರ್ಪು ಕೊಡಬಾರದು. ಆಮೇಲೆ ಎಂಆರ್‌ಐ.

ಚಿಕಿತ್ಸೆ, ಮತ್ತು ಅದರ ಕ್ರಮ

ಗೆಡ್ಡೆಯನ್ನು ಮೂಗಿನ ಮೂಲಕ, ಗಾಳಿಗೂಡು ದಾಟಿ, ಸೆಲ್ಲಾದ ನೆಲ ತೆರೆದು ತೆಗೆಯುತ್ತಾರೆ. ಅರಿವಳಿಕೆ ಕೊಡುವವರಿಗೆ ಮೊದಲೇ ಎಚ್ಚರಿಕೆ ಬೇಕು. ಉದ್ದ ದವಡೆ, ದಪ್ಪ ನಾಲಿಗೆ, ಊದಿದ ಗಂಟಲು ಕೂಡಿದರೆ ಉಸಿರಿನ ನಳಿಕೆ ಹಾಕುವುದು ನೋಡಿದ್ದಕ್ಕಿಂತ ಕಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆಯ ಫಲ ನೋಡಲು ಐಜಿಎಫ್-1ಅನ್ನು ಸುಮಾರು 12 ವಾರದ ಬಳಿಕ ಅಳೆಯಬೇಕು. ಅದಕ್ಕೆ ಮೊದಲು ಅದು ಪೂರ್ತಿ ಇಳಿದಿರುವುದಿಲ್ಲ, ಸುಮ್ಮನೆ ಗಾಬರಿ. ಹಾರ್ಮೋನು ಉಳಿದರೆ ಆಕ್ಟ್ರಿಯೊಟೈಡ್ ಅಥವಾ ಲಾನ್ರಿಯೊಟೈಡ್ ಚುಚ್ಚುಮದ್ದು ತಿಂಗಳಿಗೊಮ್ಮೆ. ಎಐಪಿ ದೋಷದ ಗೆಡ್ಡೆಗಳು ಎಳೆಯ ವಯಸ್ಸಿನಲ್ಲಿ ಬರುತ್ತವೆ, ದೊಡ್ಡವಿರುತ್ತವೆ, ಈ ಮದ್ದುಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಪೆಗ್ವಿಸೊಮಾಂಟ್ ಬೇರೆ ದಾರಿ ಹಿಡಿಯುತ್ತದೆ, ಹಾರ್ಮೋನಿನ ಗ್ರಾಹಕವನ್ನೇ ಮುಚ್ಚುತ್ತದೆ. ಅದನ್ನು ಕೊಡುವಾಗ ಬೆಳವಣಿಗೆ ಹಾರ್ಮೋನು ಅಳೆಯುವುದರಲ್ಲಿ ಅರ್ಥವಿಲ್ಲ, ಐಜಿಎಫ್-1 ಮಾತ್ರ ನೋಡಬೇಕು.

ಬಾಯಿಯ ಕೆಲಸ ಇದೆಲ್ಲದರ ನಂತರ. ಹಾರ್ಮೋನು ಹತೋಟಿಗೆ ಬಂದರೆ ತುಟಿ, ನಾಲಿಗೆಯ ಊತ ವಾರ ತಿಂಗಳುಗಳಲ್ಲಿ ಇಳಿಯುತ್ತದೆ. ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಐಜಿಎಫ್-1 ಸರಿಯಾಗಿ ನಿಂತು, ದವಡೆಯ ಉದ್ದ ಬದಲಾಗದೆ ಇದ್ದರೆ ಮಾತ್ರ ಕೆಳದವಡೆಯನ್ನು ಎರಡೂ ಬದಿ ಸೀಳಿ ಹಿಂದೆ ಸರಿಸುವ ಶಸ್ತ್ರಚಿಕಿತ್ಸೆಗೆ ಕೈ ಹಾಕಬೇಕು. ಕ್ರಮ ತಲೆಕೆಳಗಾದರೆ ಆಗುವುದಿಷ್ಟು: ತಂತಿ ಕಟ್ಟಿ ಮುಚ್ಚಿದ ಸಂದುಗಳು ಮತ್ತೆ ಬಿಚ್ಚಿಕೊಳ್ಳುತ್ತವೆ, ಹೊಸ ಹಲ್ಲುಸೆಟ್ಟು ವರ್ಷದೊಳಗೆ ಕೂರದಾಗುತ್ತದೆ, ಹಿಂದೆ ಸರಿಸಿದ ದವಡೆ ಮತ್ತೆ ಮುಂದೆ ಬರುತ್ತದೆ. ದವಡೆಯನ್ನು ಹಿಂದಕ್ಕೆ ತಂದಾಗ ನಾಲಿಗೆಗೆ ಜಾಗ ಕಡಿಮೆಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕಿಡಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಮೇಲ್ದವಡೆಯನ್ನು ಮುಂದೆ ತರುವ ಯೋಚನೆ ಹೆಚ್ಚು ಕ್ಷೇಮ.

ಎಐಪಿ ದೋಷ ಗೊತ್ತಾದ ಮನೆಗಳ ಮಕ್ಕಳನ್ನು ಚಿಕ್ಕಂದಿನಿಂದಲೇ ವರ್ಷಕ್ಕೊಮ್ಮೆ ಎತ್ತರ ಅಳೆದು, ಐಜಿಎಫ್-1 ನೋಡಿ, ಹತ್ತು ವರ್ಷದ ಸುಮಾರಿಗೆ ಎಂಆರ್‌ಐ ಮಾಡಿಸುತ್ತಾರೆ. ಗೆಡ್ಡೆ ಸಣ್ಣದಿರುವಾಗಲೇ ಸಿಕ್ಕರೆ ತೆಗೆಯುವುದು ಸುಲಭ, ದವಡೆ ಓಡುವ ಮೊದಲೇ ತಡೆಯಬಹುದು.

ಬರ್ನ್‌ನ ಅಸ್ಥಿಪಂಜರ 1941ರ ಬಾಂಬ್ ದಾಳಿಯಲ್ಲಿ ಮ್ಯೂಸಿಯಮ್ಮಿನ ಬಹುಪಾಲು ಹಾಳಾದಾಗಲೂ ಉಳಿಯಿತು. ದುರಸ್ತಿಗಾಗಿ ಮುಚ್ಚಿದ್ದ ಮ್ಯೂಸಿಯಂ 2023ರಲ್ಲಿ ಮತ್ತೆ ತೆರೆದಾಗ ಅದು ಗಾಜಿನ ಕಪಾಟಿನಲ್ಲಿ ಇರಲಿಲ್ಲ. ಪ್ರದರ್ಶನದಿಂದ ತೆಗೆದಿದ್ದಾರೆ, ಸಂಶೋಧನೆಗೆಂದು ಇಟ್ಟುಕೊಂಡಿದ್ದಾರೆ. ಅವನು ಕೇಳಿದ್ದ ಕಡಲು ಇನ್ನೂ ಸಿಕ್ಕಿಲ್ಲ.